ಊದುಬತ್ತಿ ತೂತಿನ ಪರದೆ

ಕ್ಯಾಲನೂರಿನ ನಮ್ಮ ಬೀದಿಯಲ್ಲಿ ಯಾವ ಮನೆಗೆ ಹೆಣ್ಣು ನೋಡಲು ಬಂದರೂ ಬಾಗಿಲಿಗೆ ಅದೇ ಪರದೆ. ಕೆನೆ ಬಣ್ಣದ ದಪ್ಪ ಬಟ್ಟೆ, ಅದರ ಮೇಲೆ ಹಸಿರು ಬಳ್ಳಿ, ಅಗಲ ಎಲೆ, ಕೆಂಪು ಹೂವು. ಬೀದಿಯ ಕೊನೇ ಮನೆಯ ದೊಡ್ಡಮ್ಮ ಯಾವ ಕಾಲದಲ್ಲೋ ಬೆಂಗಳೂರಿನಿಂದ ತಂದದ್ದು. ಆಮೇಲೆ ಪಟ್ಟೆ ಬಂತು, ಚೌಕಳಿ ಬಂತು, ಮಿರಮಿರ ಮಿಂಚುವ ಸ್ಯಾಟಿನ್ ಬಂತು, ಎಲ್ಲ ಬಂದ ಹಾಗೇ ಹೋದವು. ಈ ಎಲೆ ಹೂವು ಮಾತ್ರ ಹೋಗಲಿಲ್ಲ. ಇದನ್ನು ಇಳಿಬಿಟ್ಟರೆ ಸುಣ್ಣದ ಗೋಡೆಗೂ ಒಂದು ಕಳೆ. ಕೇಳುವುದೇ ಬೇಡ, ಹಿಂದಿನ ದಿನವೇ ಒಗೆದು ಇಸ್ತ್ರಿಯಾಗಿ ಮನೆಗೆ ಬರುತ್ತಿತ್ತು. ಅಂಚಿನ ಹತ್ತಿರ ಒಂದು ಹೂವಿನ ನಡುವೆ ಊದುಬತ್ತಿ ತಗುಲಿ ಸುಟ್ಟ ತೂತಿತ್ತು. ಅದನ್ನು ಗೋಡೆ ಕಡೆಗೆ ತಿರುಗಿಸಿ ಕಟ್ಟುವುದು ಎಲ್ಲರಿಗೂ ಗೊತ್ತಿತ್ತು.

ನನ್ನ ಸರದಿ ಬಂದಾಗ ನನಗೆ ಅದು ಬೇಡವಾಗಿತ್ತು. ನೋಡಲು ಬರಲಿದ್ದ ಶ್ರೀನಿವಾಸಪುರದ ಹುಡುಗನ ಜೊತೆ ಆಗಲೇ ಫೋನಿನಲ್ಲಿ ಮಾತಾಡಿದ್ದೆ, ಮನಸ್ಸು ಅತ್ತ ವಾಲಿತ್ತು. ಎರವಲು ಪರದೆಯ ಹಿಂದೆ ನಿಲ್ಲಲಾರೆ ಎಂದು ಅಮ್ಮನ ಮೇಲೆ ರೇಗಿದೆ. ಅಮ್ಮ ಕಿವಿಗೇ ಹಾಕಿಕೊಳ್ಳದೆ ಸ್ಟೂಲು ಹತ್ತಿ ಕಟ್ಟಿದಳು.

ಹುಡುಗನ ಅಮ್ಮ ಬಂದು ಕೂತವರೇ ಪರದೆ ಚೆನ್ನಾಗಿದೆ ಅಂದರು. ಅಷ್ಟಕ್ಕೆ ಸುಮ್ಮನಿರಬಾರದೆ ನಮ್ಮಮ್ಮ! ತಾನೇ ಬೆಂಗಳೂರಿಗೆ ಹೋಗಿ, ಹತ್ತಾರು ಅಂಗಡಿ ಸುತ್ತಿ ಆರಿಸಿ ತಂದೆ ಅಂತ ಶುರುಮಾಡಿದಳು. ನಾನು ಕಾಫಿ ತಟ್ಟೆ ಹಿಡಿದು ಒಳಗೇ ನಿಂತಿದ್ದೆ. ಆಗ ಹುಡುಗನ ಚಿಕ್ಕಮ್ಮ ಬಗ್ಗಿ ಪರದೆಯ ಅಂಚು ಹಿಡಿದರು.

"ಅದೇ ಪರದೆ ಅಲ್ವಾ ಅಕ್ಕಾ? ಹೋದ್ಸಲ ಇದೇ ಬೀದೀಲಿ ಆ ಹುಡುಗೀನ ನೋಡಕ್ಕೆ ಬಂದಿದ್ವಲ್ಲ, ಅವ್ರ ಮನೇದು. ಇಗೋ, ತೂತೂ ಇದೆ."

ಅಮ್ಮ ಬಿಸ್ಕತ್ತಿನ ತಟ್ಟೆ ಮುಂದಕ್ಕೆ ತಳ್ಳಿದಳು. ಅಪ್ಪ ಫ್ಯಾನ್ ನೋಡತೊಡಗಿದರು. ಎಲ್ಲ ಮುಗಿಯಿತು, ಇನ್ನು ಈ ಹುಡುಗನೂ ಇಲ್ಲ, ಮಾನವೂ ಇಲ್ಲ ಅಂದುಕೊಂಡೆ.

"ನೀನು ನೋಡಿದ್ದು ನಮ್ಮನೇಲಿ ಕಣೇ," ಅಂದರು ಹುಡುಗನ ಅಮ್ಮ, ಬಿಸ್ಕತ್ತು ಮುರಿಯುತ್ತಾ. "ನಂದೂ ಇದೇ ಡಿಸೈನು. ಊದ್‌ಬತ್ತಿ ಕಿಡಿ ನಮ್ಮದಕ್ಕೂ ಬಿದ್ದಿದೆ."

ಚಿಕ್ಕಮ್ಮ ಏನೋ ಹೇಳಹೋಗಿ ಅಕ್ಕನ ಮುಖ ನೋಡಿ ಪರದೆಯ ಅಂಚು ಕೈಬಿಟ್ಟರು. ಮದುವೆ ಕೂಡಿತು.

ಶ್ರೀನಿವಾಸಪುರದ ಮನೆಗೆ ಕಾಲಿಟ್ಟ ದಿನ ನಾನು ಮೊದಲು ನೋಡಿದ್ದು ಬಾಗಿಲುಗಳನ್ನು. ಒಂದಕ್ಕೂ ಪರದೆಯಿಲ್ಲ. ಒಗೆಯಲು ಹಾಕಿರಬಹುದು ಅಂತ ಹಿತ್ತಲು ನೋಡಿದೆ, ಬೀರು ನೋಡಿದೆ. ಗಂಡನನ್ನು ಕೇಳಿದರೆ, ತಾನು ಹುಟ್ಟಿದಾಗಿನಿಂದ ಈ ಮನೆಯಲ್ಲಿ ಪರದೆ ಕಂಡೇ ಇಲ್ಲ ಅಂತ ನಕ್ಕ. ನನಗೆ ನಗು ಬರಲಿಲ್ಲ. ಅತ್ತೆಗೆ ಎಲ್ಲ ಗೊತ್ತು ಅನ್ನೋದು ಗೊತ್ತಾದ ಮೇಲೆ ಅವರು ಬಡಿಸಿದ ಮುದ್ದೆಯನ್ನೂ ತಲೆ ತಗ್ಗಿಸಿಯೇ ಉಣ್ಣುತ್ತಿದ್ದೆ. ಅವರು ಒಂದು ದಿನವಾದರೂ ಚುಚ್ಚಿ ಮಾತಾಡಿದ್ದರೆ ನಾನೂ ತಿರುಗಿ ಆಡಿ ಹಗುರಾಗುತ್ತಿದ್ದೆ. ಪುಣ್ಯಾತ್ಗಿತ್ತಿ, ಆ ಸುದ್ದಿಯನ್ನೇ ಎತ್ತಲಿಲ್ಲ.

ಆಷಾಢಕ್ಕೆ ಕರೆದುಕೊಂಡು ಹೋಗಲು ಅಮ್ಮ ಬರುತ್ತಾಳೆ ಅಂತ ಫೋನ್ ಬಂತು. ಅಮ್ಮ ಇನ್ನೂ ಈ ಮನೆಗೆ ಕಾಲಿಟ್ಟಿರಲಿಲ್ಲ, ಬರಿಬಾಗಿಲು ಕಂಡರೆ ಅಲ್ಲೇ ಕುಸಿಯುತ್ತಾಳೆ. ನಾನೇ ಬಸ್ಸು ಹತ್ತಿ ಬರುತ್ತೇನೆ, ನೀನು ಬರಬೇಡ ಅಂದೆ. ಶಾಸ್ತ್ರ ಬಿಡುತ್ತಾಳೆಯೇ? ಅತ್ತೆ ಪಕ್ಕದಲ್ಲೇ ಹುರುಳಿಕಾಯಿ ಸೋಸುತ್ತಾ ಕೇಳಿಸಿಕೊಂಡರು. ಮಾರನೆಯ ದಿನ ಯಾರನ್ನೋ ನೋಡಿ ಬರುತ್ತೇನೆ ಅಂತ ಕೋಲಾರಕ್ಕೆ ಹೋಗಿ ಬಂದರು.

ಅಮ್ಮ ಬರುವ ಬೆಳಿಗ್ಗೆ ನಾನು ಸ್ನಾನ ಮಾಡಿ ಬಂದರೆ ನಡುಮನೆ ಬಾಗಿಲಲ್ಲಿ ಪರದೆ. ಕೆನೆ ಬಣ್ಣ, ಹಸಿರು ಬಳ್ಳಿ, ಕೆಂಪು ಹೂವು. ಎಲೆ ಸ್ವಲ್ಪ ಸಣ್ಣದು, ಅಷ್ಟೇ ವ್ಯತ್ಯಾಸ. ಅತ್ತೆ ನೆಲದಲ್ಲಿ ಕೂತು ಅದರ ಅಂಚು ಹಿಡಿದಿದ್ದರು. ಇನ್ನೊಂದು ಕೈಯಲ್ಲಿ ಹೊತ್ತಿಸಿದ ಊದುಬತ್ತಿ. ಹೊಸ ಬಟ್ಟೆ ಸುಟ್ಟ ವಾಸನೆ.

"ಈ ಡಿಸೈನು ಬರೋದು ಯಾವತ್ತೂ ನಿಲ್ಲಲ್ವಂತೆ, ಅಂಗಡಿಯವ್ನು ಹೇಳ್ದ," ಅಂದರು, ನನ್ನ ಮುಖ ನೋಡದೆ. "ನಿಮ್ಮಮ್ಮಂಗೆ ಏನೂ ಹೇಳ್ಬೇಡ."

ನಿಂತ ನೆಲ ಬಾಯಿಬಿಡಬಾರದೆ ಅನ್ನಿಸಿತು. ಅವರ ಕೈಯಿಂದ ಊದುಬತ್ತಿ ತೆಗೆದುಕೊಂಡು ದೇವರ ಗೂಡಿಗೆ ಸಿಕ್ಕಿಸಿದೆ.

ಅಮ್ಮ ಬಂದಳು, ಹೊಸಿಲಲ್ಲೇ ನಿಂತು ಪರದೆ ನೋಡಿದಳು. ಅತ್ತೆ ನೀರು ತರಲು ಒಳಗೆ ಹೋದದ್ದೇ ತಡ, ಬಗ್ಗಿ ಅಂಚು ಎತ್ತಿ ತೂತಿನಲ್ಲಿ ಬೆರಳು ಆಡಿಸಿದಳು. ಹೆಣ್ಣು ನೋಡಲು ಬಂದ ದಿನದಿಂದ ಬಿಗಿದುಕೊಂಡೇ ಇದ್ದ ಅವಳ ಮುಖ ಸಡಿಲವಾಯಿತು.

"ನಂಗೆ ಅವತ್ತಿಂದ ಸರಿಯಾಗಿ ನಿದ್ದೇನೇ ಇಲ್ಲ ಕಣೇ," ಅಂದಳು ಮೆಲ್ಲಗೆ. "ನನ್ ಮಾನ ಉಳಿಸಕ್ಕೆ ಸುಳ್ಳು ಹೇಳಿದ್ರೇನೋ ಅಂದ್ಕೊಂಡಿದ್ದೆ. ನಿಜವಾಗ್ಲೂ ಇದ್ಯಲ್ಲ."

ಅತ್ತೆ ನೀರಿನ ಚೊಂಬು ಹಿಡಿದು ಬಂದರು. ನಾನು ತಲೆ ಎತ್ತದೆ ಅದನ್ನು ಇಸಿದುಕೊಂಡು ಅಮ್ಮನಿಗೆ ಕೊಟ್ಟೆ.