ಕಸ್ತೂರಿಯ ಹೆಸರು ಹಿಡಿದು ಅತ್ತವಳು

ಚಳಿಗಾಲ ಬಂತೆಂದರೆ ನಮ್ಮ ಮನೆಯ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟಿ ಕುಳಿತುಬಿಡುತ್ತದೆ. ಮೊನ್ನೆ ಅದನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ ಕರಗುವುದನ್ನೇ ಕಾಯುತ್ತಿದ್ದೆ. ಪಡಸಾಲೆಯಲ್ಲಿ ನಮ್ಮ ಯಜಮಾನರು ಟೀವಿಯ ದನಿ ಏರಿಸಿದ್ದರು. ಯಾರೋ ಸಿನಿಮಾ ನಟಿ ಯಾವುದೋ ಘೋರವಾದ ಪಾತ್ರ ಮಾಡಿದ ಮೇಲೆ ಮನೆಯಿಂದ ಹೊರಗೇ ಬಂದಿಲ್ಲವಂತೆ. ಆಕೆಗೆ ಏನಾಗಿದೆ ಎಂದು ನಾಲ್ಕು ಜನ ಕುಳಿತು, ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಚರ್ಚೆ ಮಾಡುತ್ತಿದ್ದರು. ಅವರಲ್ಲಿ ಒಬ್ಬರೂ ಆಕೆಯನ್ನು ಹೋಗಿ ನೋಡಿಬಂದಂತೆ ಕಾಣಲಿಲ್ಲ. ಅಷ್ಟರಲ್ಲಿ ಎಣ್ಣೆ ಕರಗಿ ವಾಸನೆ ಬಂತು ನೋಡಿ, ನನ್ನ ಎದೆ ಧಸಕ್ಕೆಂದಿತು. ಕೊಬ್ಬರಿ ಎಣ್ಣೆಗೆ ಹೆದರುವವರೂ ಇದ್ದಾರೆಯೇ ಎಂದು ನೀವು ನಗಬಹುದು. ನಾನು ಮೊದಲಿನಿಂದಲೂ ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೆ ಪ್ರಯಾಣ ಮುಂದಕ್ಕೆ ಹಾಕುವವಳು. ಆದರೆ ಈ ಎಣ್ಣೆಯ ವಾಸನೆಯ ಹಿಂದೆ ನೀಲವ್ವ ಇದ್ದಾಳೆ.

ನಾನು ಮದುವೆಯಾಗಿ ಸಿಂದಗಿಗೆ ಬಂದ ಹೊಸತು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸಂಕ್ರಾಂತಿ ಕಳೆದ ಮೇಲೆ ಊರ ಹೊರಗೆ ನಾಟಕ ಕಂಪನಿಯೊಂದು ತಗಡಿನ ಥೇಟರು ಹಾಕಿತು. ಕಂಪನಿ ಬಂದರೆ ಕಲಾವಿದರು ಊರೊಳಗೆ ಅಲ್ಲಲ್ಲಿ ಬಾಡಿಗೆಗೆ ಖೋಲಿ ಹಿಡಿಯುವುದು ರೂಢಿ. ನಮ್ಮ ಮುಂದಿನ ಖೋಲಿಗೆ ಬಂದವಳು ಕಂಪನಿಯ ಮುಖ್ಯ ನಟಿ. ಬೋರ್ಡಿನ ಮೇಲೆ ಹೇಮಲತಾ ಎಂದು ಬರೆದಿದ್ದರು. ನಮ್ಮ ಅತ್ತೆಗೆ ಬೋರ್ಡಿನ ಹೆಸರು ನಾಲಿಗೆಗೆ ಹತ್ತುವುದಿಲ್ಲ. "ಮನ್ಯಾಗ ಏನಂತ ಕರೀತಾರವ್ವಾ?" ಎಂದು ಮೊದಲ ದಿನವೇ ಕೇಳಿದರು. "ನೀಲವ್ವ ಅಂತಾರ್ರಿ ಅಮ್ಮಾರ" ಎಂದಳು. ಅಂದಿನಿಂದ ನಮಗೆ ಆಕೆ ನೀಲವ್ವ.

ಆಕೆಯ ಊರು ಇಂಡಿ ತಾಲೂಕಿನ ತಾಂಬಾ. ಗಂಡ ತೀರಿಕೊಂಡಿದ್ದ. ಎರಡನೇ ಇಯತ್ತೆಯಲ್ಲಿ ಓದುತ್ತಿದ್ದ ಮಗಳು ಕಸ್ತೂರಿ ತಾಂಬಾದಲ್ಲೇ ಅಜ್ಜಿಯ ಹತ್ತಿರ ಇದ್ದಳು. ಶಾಲೆಯ ಸೂಟಿಗೆ ಮಗಳು ಬರುತ್ತಾಳೆ, ಇಬ್ಬರೂ ಕೂಡಿ ಇರುತ್ತೇವೆ ಎಂಬುದೊಂದೇ ನೀಲವ್ವನ ಕನಸು. ಬೆಳಗ್ಗೆ ಬಿಸಿಲಿಗೆ ನಮ್ಮ ಕಟ್ಟೆಯ ಮೇಲೆ ಕುಳಿತು, ಹಿಂದಿನ ದಿನದ ಬಣ್ಣದ ಉಳಿಕೆಯನ್ನು ಕೊಬ್ಬರಿ ಎಣ್ಣೆ ಹಚ್ಚಿ ಹಳೆಯ ಅರಿವೆಯಿಂದ ಒರೆಸಿಕೊಳ್ಳುತ್ತ ಇದನ್ನೇ ಹೇಳುತ್ತಿದ್ದಳು. ಕೊನೆಗೆ ಮುಖವನ್ನು ನನ್ನ ಕಡೆ ತಿರುಗಿಸಿ, "ಬಾಯಾರ, ಕಿವಿ ಹಿಂದ ನೋಡ್ರಿ. ಇನ್ನ ಐತೇನ್ರಿ?" ಎನ್ನುವಳು. ಇರುತ್ತಿತ್ತು. ಎಷ್ಟು ಒರೆಸಿದರೂ ಕಿವಿಯ ಹಿಂದೆ ಒಂದಿಷ್ಟು ಬಣ್ಣ ಉಳಿದೇ ಇರುತ್ತಿತ್ತು.

ನಾಟಕದಲ್ಲಿ ಆಕೆಯದು ಮಗಳನ್ನು ಕಳೆದುಕೊಂಡು ಹುಚ್ಚಿಯಾಗುವ ತಾಯಿಯ ಪಾತ್ರ. ನಾನು ಮೊದಲ ಸಲ ನೋಡಿದಾಗ ಸೆರಗೆಲ್ಲ ಒದ್ದೆ ಮಾಡಿಕೊಂಡು ಬಂದೆ. ಯಜಮಾನರು, "ನಾಟಕಕ್ಕೆ ಹೋಗಿದ್ದಿಯೋ, ಯಾರದಾದರೂ ಮಣ್ಣಿಗೆ ಹೋಗಿ ಬಂದಿಯೋ?" ಎಂದು ಅಣಕಿಸಿದರು. ನಮ್ಮ ಕಡೆ ಸತ್ತವರ ಮುಂದೆ ಹೆಂಗಸರು ಹಾಡ್ಯಾಡಿ ಅಳುತ್ತಾರೆ, ನಿಮಗೆ ಗೊತ್ತಿರಬೇಕು. ಸತ್ತವರ ಹೆಸರು ಹಿಡಿದು, ಅವರ ಗುಣ, ಅವರು ಉಂಡದ್ದು ಉಟ್ಟದ್ದು ಎಲ್ಲವನ್ನೂ ರಾಗ ತೆಗೆದು ಹೇಳಿಕೊಂಡು ಅಳುವುದು. ನೀಲವ್ವ ಬೊಂಬೆಯೊಂದನ್ನು ತೊಡೆಯ ಮೇಲೆ ಹಾಕಿಕೊಂಡು ಹಾಗೆಯೇ ಅಳುತ್ತಿದ್ದಳು. "ರೊಟ್ಟಿ ಆರಾಕತ್ತಾವ ಬಾರ ನನ್ನ ಕಸ್ತೂರೀ..." ಎಂದು ಆಕೆ ಊಟಕ್ಕೆ ಕರೆಯುವಂತೆ ದನಿ ತೆಗೆದರೆ ಗಂಡಸರೂ ಟವೆಲ್ಲಿನಿಂದ ಕಣ್ಣೊರೆಸುತ್ತಿದ್ದರು.

ಹೆಸರನ್ನು ಗಮನಿಸಿದಿರಾ? ನಾನು ಅಂದು ಗಮನಿಸಲಿಲ್ಲ, ಅಳುವುದರಲ್ಲಿ ಮುಳುಗಿದ್ದೆ. ನನ್ನ ಜೊತೆ ಬಂದಿದ್ದ ಅತ್ತೆ ಗಮನಿಸಿದ್ದರು. ಮರುದಿನ ಬೆಳಗ್ಗೆ ಕಟ್ಟೆಯ ಮೇಲೆಯೇ ತರಾಟೆಗೆ ತೆಗೆದುಕೊಂಡರು.

"ಬದುಕಿದ್ದ ಕೂಸಿನ ಹೆಸರ ಹಿಡದು ಹಾಡ್ಯಾಡಿ ಅಳ್ತಾರೇನ ಯಾರರ?"

"ನಾಟಕ ಅಲ್ಲೇನ್ರಿ ಅಮ್ಮಾರ."

"ಅದು ನಾಟಕ ಅಂತ ಜವರಾಯಗೇನ ಗೊತ್ತು?"

ನೀಲವ್ವನ ಕೈಯಲ್ಲಿದ್ದ ಅರಿವೆ ಹಾಗೇ ನಿಂತಿತು. ಆಮೇಲೆ ಮೆಲ್ಲಗೆ ಹೇಳಿದಳು. ಹಿಂದೆ ಬಸವನ ಬಾಗೇವಾಡಿಯಲ್ಲಿ ಕಂಪನಿಯ ಕ್ಯಾಂಪು ಇದ್ದಾಗ ನಾಟಕಕ್ಕೆ ಜನವೇ ಸೇರುತ್ತಿರಲಿಲ್ಲವಂತೆ. ಒಂದು ದಿನ ಬರೆದ ಮಾತು ಬಿಟ್ಟು, ತನ್ನಜ್ಜಿ ಅಳುತ್ತಿದ್ದ ರೀತಿಯಲ್ಲಿ ಅತ್ತಳಂತೆ. ಆ ರಭಸದಲ್ಲಿ ಬಾಯಿಗೆ ಮಗಳ ಹೆಸರೇ ಬಂತು. ಥೇಟರು ಎದ್ದು ನಿಂತಿತು. ಕಂಪನಿಯ ಮಾಲಕರು ಆ ಹೆಸರನ್ನು ಬಿಡಲೇಬೇಡ ಎಂದರು. ಮುದ್ದೇಬಿಹಾಳದಲ್ಲಿ ಬೇರೆ ಹೆಸರು ಹಾಕಿ ನೋಡಿದಳಂತೆ. ದನಿಯೇ ಏಳಲಿಲ್ಲ, ಹಿಂದಿನಿಂದ ಸಿಳ್ಳೆ ಬಿದ್ದವು.

ಇನ್ನು ಒನ್ಸ್ ಮೋರ್ ಕಾಟ. ಕಂಪನಿ ನಾಟಕದಲ್ಲಿ ಜನ ಒನ್ಸ್ ಮೋರ್ ಕೂಗಿದರೆ ಹಾಡನ್ನು ಮತ್ತೆ ಹಾಡಲೇಬೇಕು. ಸತ್ತವನೂ ಎದ್ದು ಮತ್ತೊಮ್ಮೆ ಸಾಯಬೇಕು. ಬದುಕಿದ್ದ ಮಗಳಿಗಾಗಿ ನೀಲವ್ವ ಹೀಗೆ ದಿನವೂ ಅತ್ತು, ಜನ ಕೂಗಿದಾಗಲೆಲ್ಲ ಇನ್ನೊಮ್ಮೆ ಅಳುತ್ತಿದ್ದಳು.

ಅತ್ತೆಯ ಮಾತಿನ ನಂತರ ಆಕೆ ಬದಲಾದಳು. ಅತ್ತೆ ಅನ್ನದಿದ್ದರೂ ಬದಲಾಗುತ್ತಿದ್ದಳೋ ಏನೋ. ಊಟ ಸೇರದಾಯಿತು. ಗೋಡೆಯಾಚೆ ಆಕೆಯ ದನಿ ಕೇಳಿದರೆ ನಾನು ಉಸಿರು ಹಿಡಿದು ನಿಲ್ಲುತ್ತಿದ್ದೆ. ನಾಟಕದ ಪಾಠ ಮಾಡಿಕೊಳ್ಳುತ್ತಿದ್ದಾಳೋ, ನಿಜವಾಗಿಯೇ ಅಳುತ್ತಿದ್ದಾಳೋ ತಿಳಿಯುತ್ತಿರಲಿಲ್ಲ. ಮಧ್ಯಾಹ್ನವಾದರೆ ಸಾಕು, ಬಸ್‌ಸ್ಟ್ಯಾಂಡಿಗೆ ಓಡುವಳು. ತಾಂಬಾ ಮೇಲೆ ಬರುವ ಬಸ್ಸಿನ ಕಂಡಕ್ಟರನನ್ನು ಹಿಡಿದು, "ಅಣ್ಣಾ, ನನ್ನ ಕಸ್ತೂರಿ ಆರಾಮ ಅದಾಳಂತೇನು?" ಎಂದು ಕೇಳುವಳು. ಆಕೆಯ ತಾಯಿ ಆ ಬಸ್ಸಿನವರ ಕೈಯಲ್ಲೇ ಸುದ್ದಿ ಕಳಿಸುತ್ತಿದ್ದಳು. "ಆರಾಮ ಅದಾಳಂತ್ರಿ" ಎಂದರೆ ಆಕೆಯ ಮುಖ ಸಂಜೆಯವರೆಗೆ ಅರಳಿರುತ್ತಿತ್ತು. ಸಂಜೆ ಮತ್ತೆ ಬಣ್ಣ.

ಇದು ಪತ್ರಿಕೆಯವರ ಕಣ್ಣಿಗೆ ಬೀಳದೆ ಇರುತ್ತದೆಯೇ? ನಮ್ಮ ಕಡೆ ಓಡಾಡುತ್ತಿದ್ದ ಒಂದು ವಾರಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಬಂತು: 'ಬಸ್ ನಿಲ್ದಾಣದಲ್ಲಿ ಇಲ್ಲದ ಮಗಳನ್ನು ಹುಡುಕುವ ನಟಿ! ಪಾತ್ರವೇ ಈಕೆಯನ್ನು ನುಂಗಿತೇ?' ಮುಂದಿನ ವಾರ ಪ್ರೇಮ ಮುರಿದುಬಿದ್ದ ಕತೆ, ಅದರ ಮುಂದಿನ ವಾರ ದೆವ್ವದ ಗಾಳಿ ಬಡಿದ ಕತೆ. ನಮ್ಮ ಮನೆಯಲ್ಲೇ ಇದ್ದವಳ ಬಗ್ಗೆ ನಾನು ಪತ್ರಿಕೆ ಓದಿ ತಿಳಿದುಕೊಳ್ಳಬೇಕಾಯಿತು! ಮಾಲಕರು ಬೇಸರ ಮಾಡಿಕೊಳ್ಳಲಿಲ್ಲ. ಪ್ರಚಾರದ ಆಟೋ ಓಣಿ ಓಣಿ ತಿರುಗಿ, 'ಪಾತ್ರದಲ್ಲೇ ಮೈಮರೆತ ಮಹಾತಾಯಿಯನ್ನು ನೋಡಲು ಮರೆಯದಿರಿ' ಎಂದು ಒದರತೊಡಗಿತು. ನಾನು ಕಿಟಕಿ ಹಾಕಿಕೊಂಡೆ. ಕಿಟಕಿ ಹಾಕಿದರೆ ಮೈಕು ಕೇಳದೆ ಇರುತ್ತದೆಯೇ?

ಸುದ್ದಿ ತಾಂಬಾಕ್ಕೂ ಹೋಯಿತು. ಕಂಡಕ್ಟರ ಒಂದು ದಿನ ಮುಖ ಕೊಟ್ಟು ಮಾತಾಡದೆ, "ನಿಮ್ಮವ್ವ ಈ ಸೂಟಿಗಿ ಕೂಸಿನ್ನ ಕಳಸೂದಿಲ್ಲಂತ್ರಿ. ಹುಚ್ಚ ಹಿಡದಾಕಿ ಕಡೆ ಹೆಂಗ ಬಿಡ್ಲಿ ಅಂದಾಳ" ಎಂದನಂತೆ. ನೀಲವ್ವ ಬಂದು ನನ್ನ ಮುಂದೆ ಕುಳಿತಳು. ಅಳಲಿಲ್ಲ. "ಬಾಯಾರ, ನನಗ ಹುಚ್ಚ ಹಿಡದೈತೇನ್ರಿ? ಖರೇ ಹೇಳ್ರಿ" ಎಂದಳು. ನಾನು ಇಲ್ಲ ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಲಿಲ್ಲ.

ಮುಂದೆ ಕೆಲವು ದಿನಕ್ಕೆ, ನೀಲವ್ವ ಬಣ್ಣ ಹಚ್ಚಿಕೊಳ್ಳಲು ಥೇಟರಿಗೆ ಹೋದ ಮೇಲೆ, ಒಬ್ಬ ಮುದುಕಿ ನಮ್ಮ ಬಾಗಿಲಿಗೆ ಬಂದಳು. ಆಕೆಯ ಕೈ ಹಿಡಿದುಕೊಂಡು ಎರಡು ಜಡೆಯ ಹುಡುಗಿ. ನೀಲವ್ವನ ತಾಯಿ ಮತ್ತು ಕಸ್ತೂರಿ. "ಕಣ್ಣಾರೆ ನೋಡಿ ಹೋಗ್ತೇನಿ. ಶ್ಯಾಣ್ಯಾಕಿ ಆಗಿದ್ರ ಕೂಸಿನ್ನ ಬಿಡ್ತೇನಿ, ಇಲ್ಲಂದ್ರ ಹೊಳ್ಳಿ ಕರಕೊಂಡ ಹೋಗ್ತೇನಿ" ಎಂದಳು. ಅವರನ್ನು ಮೊದಲ ಆಟಕ್ಕೆ ಕರೆದೊಯ್ದವಳು ನಾನೇ. ದಾರಿಯುದ್ದಕ್ಕೂ, ಇವತ್ತೊಂದು ದಿನ ಆ ಹೆಸರು ಬಿಡಲಿ ದೇವರೇ ಎಂದು ಬೇಡಿಕೊಂಡೆ. ಮುದುಕಿಗೆ ಹೇಳುವ ಧೈರ್ಯ ಬರಲಿಲ್ಲ.

ಹೆಸರು ಬಂತು. "ರೊಟ್ಟಿ ಆರಾಕತ್ತಾವ ಬಾರ..." ಎಂದು ದನಿ ಏರಿದ ಕೂಡಲೇ ಮುದುಕಿ ನೆಟ್ಟಗೆ ಕುಳಿತಳು. ಮೊಮ್ಮಗಳ ಹೆಸರು ಕೇಳಿದ್ದೇ ತಡ, ಹುಡುಗಿಯನ್ನು ಎತ್ತಿಕೊಂಡು ಬೆಂಚಿನ ಮೇಲೆ ನಿಂತುಬಿಟ್ಟಳು.

"ಏ ನೀಲೀ! ಯಾರಿಗಿ ಅಳಾಕತ್ತೀಯ? ನಿನ್ನ ಮಗಳ ಇಲ್ಲೇ ಅದಾಳ ನೋಡ!"

ನೀಲವ್ವನ ರಾಗ ಅರ್ಧಕ್ಕೆ ನಿಂತಿತು. ಹುಡುಗಿ ಹೆದರಿ "ಅವ್ವಾ" ಎಂದಿತು. ಆಮೇಲೆ ಏನಾಯಿತು ಗೊತ್ತೇ? ಜನ ಇದೂ ನಾಟಕದ ಭಾಗವೇ ಎಂದುಕೊಂಡು ಚಪ್ಪಾಳೆ ತಟ್ಟಿದರು. ಹಿಂದಿನಿಂದ ಶುರುವಾಗಿ ಇಡೀ ಥೇಟರು, "ಒನ್ಸ್ ಮೋರ್! ಒನ್ಸ್ ಮೋರ್!" ಎಂದು ಕೂಗತೊಡಗಿತು. ಈಗ ಈಕೆ ಮತ್ತೆ ಅತ್ತರೆ ಮುದುಕಿ ಮಗುವನ್ನು ಹೊಳ್ಳಿ ಕರೆದುಕೊಂಡು ಹೋಗುತ್ತಾಳೆ. ಅಳದಿದ್ದರೆ ಕಂಪನಿ ಇಟ್ಟುಕೊಳ್ಳುವುದಿಲ್ಲ.

ನೀಲವ್ವ ಬೊಂಬೆಯನ್ನು ಕೆಳಗಿಟ್ಟಳು. ಬೆಳಕಿನ ತುದಿಯವರೆಗೆ ಬಂದು ಕೈ ಮುಗಿದಳು. "ಸತ್ತಿಲ್ರಿ ನನ್ನ ಮಗಳು. ಇನ್ನ ನಾ ಅಳೂದಿಲ್ಲ" ಎಂದು ಹೇಳಿ ಒಳಗೆ ನಡೆದಳು. ಪರದೆ ಬಿತ್ತು.

ಆ ವಾರದ ಪತ್ರಿಕೆ: 'ರಂಗದ ಮೇಲೆಯೇ ಬುದ್ಧಿ ಕಳೆದುಕೊಂಡ ನಟಿ.' ನನಗೆ ಸಿಟ್ಟು ಬಂದು ಅದನ್ನು ಒಲೆಗೆ ಹಾಕಿದೆ. ಬುದ್ಧಿ ಕಳೆದುಕೊಂಡವಳು ಮರುದಿನ ಬೆಳಗ್ಗೆ ನಮ್ಮ ಕಟ್ಟೆಯ ಮೇಲೆ ಮಗಳ ಜಡೆ ಹಾಕಿ, ತಾನು ಎಣ್ಣೆ ಹಚ್ಚಿ ಒರೆಸಿಕೊಂಡು, "ನೋಡ್ರಿ ಬಾಯಾರ" ಎಂದು ಕಿವಿ ತೋರಿಸಿದ್ದಳು. ಆ ಉಳಿಕೆಯನ್ನು ನಾನೇ ತೆಗೆದೆ. ಮಾಲಕರು ಬಂದು ಎಷ್ಟು ಹೇಳಿದರೂ ಕೇಳದೆ ಮೂವರೂ ಮಧ್ಯಾಹ್ನದ ಬಸ್ಸಿಗೆ ತಾಂಬಾಕ್ಕೆ ಹೋದರು.

ಮೊನ್ನೆ ಎಣ್ಣೆ ಕೈಯಲ್ಲಿ ಹಿಡಿದೇ ನೀಲವ್ವನಿಗೆ ಫೋನು ಮಾಡಿದೆ. ಈಗ ಆಕೆಗೆ ಮೊಮ್ಮಕ್ಕಳಿದ್ದಾರೆ. ಆ ಸಿನಿಮಾ ನಟಿಯ ಮೇಲಿನ ಟೀವಿ ಚರ್ಚೆ ಅವರ ಮನೆಯಲ್ಲೂ ಹತ್ತಿತ್ತು.

"ಎಲ್ಲಾರೂ ಆ ಹುಡಿಗಿಗಿ ಏನಾಗೇತಿ, ಏನಾಗೇತಿ ಅಂತ ಕೇಳಾಕತ್ತಾರ ಬಾಯಾರ" ಎಂದಳು. "ಉಂಡ್ಯೇನವ್ವಾ ಅಂತ ಒಬ್ಬರರ ಕೇಳ್ಯಾರೇನ್ರಿ?"

ಅಷ್ಟರಲ್ಲಿ ಆ ಕಡೆ ಒಳಮನೆಯಿಂದ ಒಂದು ಹೆಣ್ಣುದನಿ, "ಅವ್ವಾ, ರೊಟ್ಟಿ ಆರಾಕತ್ತಾವ ಬಾ" ಎಂದು ಕೂಗಿತು.

"ಬಂದ್ನಿ ತಡಿಯ ಕಸ್ತೂರಿ! ಎಷ್ಟರ ಒದರ್ತಿ!" ಎಂದು ನೀಲವ್ವ ಗದರಿದಳು.

ನಮ್ಮ ಪಡಸಾಲೆಯಲ್ಲಿ ಟೀವಿಯ ಆ ನಾಲ್ವರೂ ಇನ್ನೂ ಕೂಗಾಡುತ್ತಿದ್ದರು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು, ಆಕೆ ಎದ್ದು ಊಟಕ್ಕೆ ಹೋಗುವ ಸಪ್ಪಳ ಕೇಳುತ್ತ ನಿಂತೆ.