ಬೇಲಿಯ ಹೊರಗಿನ ಕಲ್ಲು

ಆಯುಧಪೂಜೆಯ ದಿನ ಹೂವು, ಕಾಯಿ ಹಿಡಿದು ಜಗಳೂರಿನ ಬಳಿ ಗಾಳಿಯಂತ್ರವೊಂದರ ಬೇಲಿಯ ಮುಂದೆ ನಿಂತಿದ್ದೆವು. ಗೇಟಿಗೆ ಬೀಗ ಬಿದ್ದಿತ್ತು. ನ್ಯಾಮತಿಯಲ್ಲಿ ನನ್ನದೊಂದು ಪುಟ್ಟ ಹೊಲಿಗೆ ಘಟಕವಿದೆ. ನಮ್ಮಿಂದ ಬಟ್ಟೆ ಕೊಳ್ಳುವ ಕಂಪನಿಯೇ ಮುಂದೆ ನಿಂತು, ಚನ್ನಗಿರಿ, ಹೊನ್ನಾಳಿಯ ಘಟಕಗಳ ಜೊತೆ ನಮ್ಮನ್ನೂ ಒಂದೇ ಒಪ್ಪಂದಕ್ಕೆ ಸೇರಿಸಿ, ಈ ಯಂತ್ರದ ಹೊಗೆಯಿಲ್ಲದ ಗಾಳಿ ಕರೆಂಟು ಕೊಡಿಸಿತ್ತು. ಹೊಲಿಗೆ ಮಿಷನ್ನಿಗೆ ಪೂಜೆ ಮಾಡಿ, ಅದನ್ನು ಓಡಿಸುವ ಯಂತ್ರಕ್ಕೆ ಮಾಡದಿದ್ದರೆ ಹೇಗೆಂದು ಮೂರೂ ಊರಿನವರು ಬಂದಿದ್ದೆವು.

ಅಲ್ಲೇ ಕುರಿ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ಬಂದು ವಿಚಾರಿಸಿದರು. ವಿಷಯ ಹೇಳಿದೆ.

"ಈ ಫ್ಯಾನಿನ ಕರೆಂಟು ಎಲ್ಲಿಗೆ ಹೋಗ್ತೈತೆ ಅಂತ ಇಷ್ಟು ದಿನ ಯಾರೂ ಹೇಳಿರಲಿಲ್ಲ ನೋಡ್ರಿ" ಎಂದರು. ಆಮೇಲೆ ಬೇಲಿಯ ಹೊರಗಿದ್ದ ಕಲ್ಲೊಂದನ್ನು ತೋರಿಸಿದರು. "ಹೂವು ಇಲ್ಲಿಡ್ರಿ. ನಮ್ಮ ಯಜಮಾನ್ರನ್ನ ಮಣ್ಣು ಮಾಡಿದ ಜಾಗ. ಫ್ಯಾನಿಗೆ ಹೊಲ ಕೊಡಬೇಕಾದ್ರೆ ಇದೊಂದನ್ನ ಮುಟ್ಟಾಕೆ ಬಿಡಲಿಲ್ಲ ನಾನು."

ತಂದದ್ದನ್ನೆಲ್ಲ ಅಲ್ಲೇ ಇಟ್ಟು ಕೈಮುಗಿದೆವು. ರೆಕ್ಕೆಯ ನೆರಳು ಆ ಕಲ್ಲಿನ ಮೇಲೆ ಹಾದು ಹಾದು ಹೋಗುತ್ತಿತ್ತು.

ಇಲ್ಲಿ ಹೊಲಿಯುವುದು ಗಾಳಿ ಕರೆಂಟಿನಲ್ಲೇ ಎಂದು ಕಂಪನಿ ಕೊಟ್ಟ ಪ್ರಮಾಣಪತ್ರ ನಮ್ಮ ಘಟಕದ ಗೋಡೆಯ ಮೇಲಿದೆ. ಅದನ್ನು ಓದಿ ಮೆಚ್ಚಿಕೊಂಡವರಿಗೆಲ್ಲ ನಾನೀಗ ಆ ಕಲ್ಲಿನ ಕಥೆಯನ್ನೂ ಹೇಳುತ್ತೇನೆ. ಪತ್ರದಲ್ಲಿ ಅದು ಇಲ್ಲ.