ಹೊರಕ್ಕೆ ತೆರೆಯುವ ಬಾಗಿಲು

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಕೊಲ್ಲಿ ನಾಡಿನ ಎಗೈಲಾದ ಕೂಲಿಂಗ್ ಪ್ಲಾಂಟಿನಲ್ಲಿ ಗ್ಯಾಸ್ ಸೋರಿತು. ಇಡೀ ಬಡಾವಣೆಗೆ ಒಂದೇ ಕಡೆಯಿಂದ ತಂಪು ಹಂಚುವ ಇಂಥ ಪ್ಲಾಂಟುಗಳಿಗೆ ದೇಶದ ನಿಯಮ ಬರೆಯುತ್ತಿದ್ದ ನಾವು ಐವರು ಒಳಗಿದ್ದೆವು. ಓಡಿಹೋಗಿ ಎಲ್ಲರೂ ಬಾಗಿಲು ತಳ್ಳಿದೆವು. ಅದು ಒಳಕ್ಕೆ ತೆರೆಯುವ ಬಾಗಿಲು.

"ಮೊದಲು ಬಾಗಿಲು ನೋಡಿ ಮಾರಾಯ್ರೆ" ಎಂದು ಪ್ಲಾಂಟಿನ ಮೆಕ್ಯಾನಿಕ್, ಉಡುಪಿ ಕಡೆಯವರು, ನಾವು ಒಳಗೆ ಬರುವಾಗಲೇ ಮೂರು ಸಲ ಹೇಳಿದ್ದರು.

"ಬಾಗಿಲಿಗೂ ಸ್ವಲ್ಪ ಜಾಗ ಕೊಡಿ! ಯಲ್ಲಾ, ಬೇಗ ಬೇಗ!" ಎನ್ನುತ್ತ ಅವರು ಒಬ್ಬೊಬ್ಬರನ್ನೇ ಹಿಂದಕ್ಕೆಳೆದರು, ನಮ್ಮ ದಪ್ಪ ಸಾಹೇಬರನ್ನು ಮಗುವಿನಂತೆ ಎತ್ತಿ ಬದಿಗಿಟ್ಟು ಬಾಗಿಲನ್ನು ಒಳಕ್ಕೆಳೆದು ತೆರೆದರು. ಹೊರಗೆ ಬಿಸಿಲಲ್ಲಿ ಬಿದ್ದುಕೊಂಡು ಕೆಮ್ಮಿದೆವು, ನಕ್ಕೆವು; ನಗು ನಿಲ್ಲಲೇ ಇಲ್ಲ.

ಆಮೇಲೆ ತಿಂಗಳುಗಟ್ಟಲೆ ಕನಸಿನಲ್ಲಿ ಅದೇ ಬಾಗಿಲು ತಳ್ಳಿದೆ.

ಪ್ಲಾಂಟಿನ ಬಾಗಿಲು ಹೊರಕ್ಕೇ ತೆರೆಯಬೇಕೆಂಬ ನಿಯಮ ಅಚ್ಚಾದ ದಿನ ಆ ಮೆಕ್ಯಾನಿಕ್‌ಗೆ ಓದಿ ಹೇಳಿದೆ.

"ದಪ್ಪ ಸಾಹೇಬ್ರಿಗೆ ಎರಡು ಬಾಗಿಲು ಅಂತ ಕೂಡ ಬರೀರಿ ಮಾರಾಯ್ರೆ!"

ಆ ರಾತ್ರಿ ಬೆಳಗಿನವರೆಗೂ ನಿದ್ದೆ ಮಾಡಿದೆ.